ಫಸ್ಟ್ ಬೇಸಿನಲ್ಲಿ ನೆಟ್ಟ ಸ್ಟಂಪು

ಕೊಲ್ಲಿಯ ಕಾಲೇಜುಗಳಿಗೆ ದೈಹಿಕ ಶಿಕ್ಷಕರಾಗಿ ಬರುವ ನಮ್ಮೂರ ಹುಡುಗರು ನನಗೆ ಫೋನು ಮಾಡಿ ಎರಡೇ ಪ್ರಶ್ನೆ ಕೇಳುತ್ತಾರೆ. ಸೆಖೆ ಹೇಗುಂಟು, ಫ್ಯಾಮಿಲಿ ವೀಸಾ ಎಷ್ಟು ದಿನಕ್ಕೆ ಆಗ್ತದೆ. ಕೆಲಸ ಹೇಗೆ ಎಂದು ಈವರೆಗೆ ಒಬ್ಬನೂ ಕೇಳಿಲ್ಲ. ವಿಸಿಲ್ ಊದುವುದರಲ್ಲಿ ಕಲಿಯುವುದೇನಿದೆ ಎಂದೇ ಎಲ್ಲರ ಲೆಕ್ಕ. ನಾನೂ ಹಾಗೆ ಅಂದುಕೊಂಡೇ ಬಂದವನು. ದುಬೈಯ ಒಂದು ಕಾಲೇಜಿನ ಮೈದಾನದಲ್ಲಿ ಇಪ್ಪತ್ತಾರು ವರ್ಷ ವಿಸಿಲ್ ಊದಿ, ಹೋದ ವರ್ಷ ನಿವೃತ್ತನಾಗಿ, ಈಗ ಇದೇ ಊರಿನ ಕರಾಮ ಬಡಾವಣೆಯ ಫ್ಲ್ಯಾಟಿನಲ್ಲಿ ಮಗಳ ವೀಸಾದ ಮೇಲೆ ಕೂತಿದ್ದೇನೆ. ಹಿಂದೆ ಅವಳಿಗೆ ನಾನು ಸ್ಪಾನ್ಸರ್ ಆಗಿದ್ದೆ, ಈಗ ನನಗೆ ಅವಳು. ಹೆಮ್ಮೆಯ ಸಂಗತಿ ಬೇಕಾದವರು ಇಲ್ಲಿಗೇ ಓದು ನಿಲ್ಲಿಸಬಹುದು. ಒಬ್ಬ ಹುಡುಗನ ಆಟವನ್ನು ನಾನು ಕೈಯಾರೆ ಹೇಗೆ ಕೆಡಿಸಿದೆ ಎಂಬುದಷ್ಟೇ ನನ್ನ ಹತ್ತಿರ ಹೇಳಲಿಕ್ಕೆ ಇರುವುದು.

ಬಂದ ಮೊದಲ ವರ್ಷವೇ ಒಂದು ಎಡವಟ್ಟು ಮಾಡಿದ್ದೆ. ರಂಜಾನ್ ತಿಂಗಳು. ಉಪವಾಸದಲ್ಲಿದ್ದ ಹುಡುಗರನ್ನು ಮಧ್ಯಾಹ್ನ ಎರಡು ಗಂಟೆಗೆ ಮೈದಾನ ಸುತ್ತು ಹೊಡೆಸಿದೆ. ಊರಿನಲ್ಲಿ ಬ್ಯಾರಿ ಮುಸ್ಲಿಮರ ಮಕ್ಕಳ ಜೊತೆಯೇ ಬೆಳೆದವನು ನಾನು, ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಗೊತ್ತಿತ್ತು, ನೆನಪು ಮಾಡಿಕೊಳ್ಳಲಿಲ್ಲ ಅಷ್ಟೆ. ಇಬ್ಬರು ಕುಸಿದು ಕೂತರು. ಉಳಿದ ಹುಡುಗರು ಆಗಲೂ ಬಾಯಿ ಬಿಡಲಿಲ್ಲ. ನಮ್ಮ ಕ್ರೀಡಾ ವಿಭಾಗದ ಮುಖ್ಯಸ್ಥರು ಡಾಕ್ಟರ್ ಸಮೀರ್ ಎಂದು, ಈಜಿಪ್ಟಿನವರು, ಹಿಂದೆ ಹ್ಯಾಂಡ್‌ಬಾಲ್ ಆಡಿದವರು. ಆಳು ಬಾಗಿಲಷ್ಟು ಅಗಲ. ಅವರು ನನ್ನನ್ನು ಕರೆದು ಕೂಗಾಡಲಿಲ್ಲ. “ಮಾಸ್ಟರ್, ಅವರು ಯಾಕೆ ನಿನಗೆ ಹೇಳಲಿಲ್ಲ?” ಎಂದು ಕೇಳಿದರು. ನನ್ನ ಮೇಲೆ ಗೌರವ ಸಾರ್ ಎಂದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, “ಖಲಾಸ್, ಹೋಗು” ಎಂದರು. ನನ್ನ ಉತ್ತರ ಅವರಿಗೆ ಒಪ್ಪಿಗೆಯಾಯಿತು ಎಂದುಕೊಂಡು ನಾನು ಖುಷಿಯಾಗಿಯೇ ಹೊರಗೆ ಬಂದೆ.

ಕಾಲ ಬದಲಾಯಿತು. ಸ್ಟಾಪ್‌ವಾಚು ಹೋಗಿ ಫೋನು ಬಂತು. ಹುಡುಗರು ತಮ್ಮ ಆಟವನ್ನು ತಾವೇ ವಿಡಿಯೋ ಮಾಡಿ, ನಿಧಾನ ಮಾಡಿ, ಮೊಣಕೈ ಎಲ್ಲಿ ಹೋಯಿತು, ಹಿಮ್ಮಡಿ ಎಲ್ಲಿ ತಿರುಗಿತು ಎಂದು ನೋಡತೊಡಗಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೈಸೂರು ಕಡೆಯ ಒಬ್ಬ ಐಟಿ ಎಂಜಿನಿಯರರ ಮಗ, ಅನಿರುದ್ಧ ಎಂದು ಹೆಸರು, ಒಂದು ಸಂಜೆ ನೆಟ್ಸಿನಲ್ಲಿ ಎಲ್ಲರೆದುರು ಫೋನು ಹಿಡಿದುಕೊಂಡು ಬಂದ. “ಸರ್, ಬೌಲಿಂಗಲ್ಲಿ ನೀವು ಹೇಳೋ ಥರ ಕಾಲು ಲ್ಯಾಂಡ್ ಮಾಡಿದ್ರೆ ನನ್ನ ಮಂಡಿ ಒಳಗೆ ತಿರುಗತ್ತೆ, ನೋಡಿ” ಎಂದ. ನಾನು ನೋಡಲಿಲ್ಲ. ನಿನ್ನ ಫೋನಿನ ಹತ್ತಿರವೇ ಕ್ರಿಕೆಟ್ ಕಲಿ ಹೋಗು ಎಂದು ಎರಡು ತಿಂಗಳು ಮೈದಾನಕ್ಕೆ ಕಾಲಿಡದ ಹಾಗೆ ಮಾಡಿದೆ. ಅವನು ಎರಡು ತಿಂಗಳ ನಂತರವೂ ಬರಲಿಲ್ಲ. ಆ ಸಂಜೆ ನೆಟ್ಸಿನಲ್ಲಿ ನಿಂತು ಇದನ್ನೆಲ್ಲ ನೋಡಿದವರಲ್ಲಿ ಸಫ್ವಾನನೂ ಒಬ್ಬ.

ಸಫ್ವಾನ್ ಹಸನಾಕನ ಮಗ. ಹಸನಾಕ ಬಂಟ್ವಾಳ ಕಡೆಯವರು, ಕರಾಮದಲ್ಲಿ ನಮ್ಮ ಕಟ್ಟಡದ ಕೆಳಗೇ ಅವರ ಟೈಲರ್ ಅಂಗಡಿ. ನನ್ನ ಟ್ರ್ಯಾಕ್ ಪ್ಯಾಂಟಿನ ಜಿಪ್ಪು ಹೋದರೆ ಅವರೇ ಗತಿ. ಮಗನನ್ನು ನಮ್ಮ ಕಾಲೇಜಿಗೆ ಸೇರಿಸಿದ ದಿನ ನನ್ನ ಹತ್ತಿರ ಕರೆದುಕೊಂಡು ಬಂದು, “ಮಾಸ್ಟ್ರೇ, ಇವ ಇನ್ನು ನಿಮ್ಮವ. ಎಂತ ಹೇಳಿದ್ರೂ ಇವ ತಿರುಗಿ ಮಾತಾಡುವುದಿಲ್ಲ, ಹಾಗೆ ಬೆಳೆಸಿದ್ದೇನೆ” ಎಂದಿದ್ದರು. ಹುಡುಗ ಮನೆಯಲ್ಲಿ ಬ್ಯಾರಿ, ಗೆಳೆಯರ ಹತ್ತಿರ ಇಂಗ್ಲಿಷ್, ನನ್ನ ಹತ್ತಿರ ಮಾತ್ರ ಹುಡುಕಿ ಹುಡುಕಿ ಕನ್ನಡ ಮಾತಾಡುತ್ತಿದ್ದ. ಅದಕ್ಕೇ ನನಗೆ ಅವನ ಮೇಲೆ ಪ್ರೀತಿ ಹೆಚ್ಚು. ಕ್ರಿಕೆಟ್ಟಿನಲ್ಲಿ ಬ್ಯಾಟಿಂಗ್ ಸಾಧಾರಣ. ಫೀಲ್ಡಿಂಗ್ ಮಾತ್ರ ನಾನು ಮತ್ತೆಲ್ಲೂ ಕಾಣದ್ದು. ಚೆಂಡು ಎಲ್ಲಿಗೆ ಬರುತ್ತದೆ ಎಂದು ಅವನ ಕಾಲಿಗೆ ಮೊದಲೇ ಗೊತ್ತಾಗುತ್ತಿತ್ತು.

ಆ ಹೊತ್ತಿಗೆ ಈ ದೇಶಕ್ಕೆ ವೃತ್ತಿಪರ ಬೇಸ್‌ಬಾಲ್ ಲೀಗು ಬರುತ್ತದೆ ಎಂಬ ಸುದ್ದಿ ಶುರುವಾಯಿತು. ತಂಡಗಳು ಸರದಿಯಂತೆ ಒಬ್ಬೊಬ್ಬ ಆಟಗಾರನನ್ನು ಹೆಸರು ಕರೆದು ಆರಿಸಿಕೊಳ್ಳುತ್ತವೆ, ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಹೆಚ್ಚಿನವರು ಅಮೆರಿಕ, ಜಪಾನಿನವರು. ಆದರೆ ಇಲ್ಲಿಯೇ ಬೆಳೆದವರಿಗೂ ಒಂದೆರಡು ಜಾಗ ಇಟ್ಟಿದ್ದರು. ಡಾಕ್ಟರ್ ಸಮೀರ್ ನನ್ನನ್ನು ಕರೆದು, “ಮಾಸ್ಟರ್, ಬೇಸ್‌ಬಾಲ್ ಟೀಮ್ ಮಾಡು. ಕ್ರಿಕೆಟ್, ಬೇಸ್‌ಬಾಲ್, ಸೇಮ್ ಸೇಮ್. ಯಲ್ಲಾ, ಶುರು ಮಾಡು” ಎಂದರು. ಗೊತ್ತಿಲ್ಲ ಸಾರ್ ಎನ್ನಬೇಕಿತ್ತು. ಆಗಲಿ ಸಾರ್ ಎಂದೆ.

ಪುಣ್ಯಕ್ಕೆ ನಮ್ಮ ಕೆಮಿಸ್ಟ್ರಿ ಲ್ಯಾಬಿನಲ್ಲಿ ರಮೋನ್ ಎಂಬ ಫಿಲಿಪೈನ್ಸಿನ ಅಸಿಸ್ಟೆಂಟ್ ಇದ್ದ, ಕಾಲೇಜು ದಿನಗಳಲ್ಲಿ ಈ ಆಟ ಆಡಿದವನು. ಅವನೇ ನನಗೂ ಹುಡುಗರಿಗೂ ಮೇಷ್ಟ್ರಾದ. ಕ್ರಿಕೆಟ್ ಬಲ್ಲ ನಮ್ಮವರಿಗೆ ಒಂದೇ ಮಾತಿನಲ್ಲಿ ಹೇಳುತ್ತೇನೆ. ಬೇಸ್‌ಬಾಲಿನಲ್ಲಿ ಸ್ಟಂಪಿಲ್ಲ. ನೆಲದ ಮೇಲೆ ಬೇಸು ಎಂಬ ಮೂರು ಚಪ್ಪಟೆ ದಿಂಬು, ಚೆಂಡು ಹೊಡೆದವನು ಮೊದಲು ಓಡುವುದು ಫಸ್ಟ್ ಬೇಸಿಗೆ. ಅದನ್ನು ತುಳಿದುಕೊಂಡು ನಮ್ಮವನೊಬ್ಬ ಚರ್ಮದ ಕೈಗವಸು ಚಾಚಿ ನಿಂತಿರುತ್ತಾನೆ. ಒಳ ಮೈದಾನದ ಫೀಲ್ಡರು ಚೆಂಡು ಹಿಡಿದು ಎಸೆಯಬೇಕಾದ್ದು ಆ ಮನುಷ್ಯನ ಎದೆಗೆ. ಓಡುವವನು ಬೇಸು ಮುಟ್ಟುವ ಮೊದಲು ಚೆಂಡು ಕೈಗವಸಿನಲ್ಲಿದ್ದರೆ ಔಟ್. ಚೆಂಡು ಬೇಸಿಗೇ ತಾಗಿದರೆ ಏನೂ ಇಲ್ಲ. ಕ್ರಿಕೆಟ್ಟಿನಲ್ಲಿ ನಾವು ಎದ್ದು ಕುಣಿಯುವ ಡೈರೆಕ್ಟ್ ಹಿಟ್ಟಿಗೆ ಇಲ್ಲಿ ಕವಡೆ ಕಿಮ್ಮತ್ತಿಲ್ಲ.

ಸಫ್ವಾನನನ್ನು ರಮೋನ್ ಶಾರ್ಟ್‌ಸ್ಟಾಪ್ ಮಾಡಿದ. ಎರಡನೆಯ ಮತ್ತು ಮೂರನೆಯ ಬೇಸಿನ ನಡುವೆ ನಿಲ್ಲುವ ಜಾಗ, ಒಳ ಮೈದಾನದಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಅಲ್ಲಿಂದ ಫಸ್ಟ್ ಬೇಸಿಗೆ ಉದ್ದದ ಎಸೆತ. ಶನಿವಾರ ಶನಿವಾರ ರಮೋನ್ ಫಸ್ಟ್ ಬೇಸಿನಲ್ಲಿ ನಿಲ್ಲುತ್ತಿದ್ದ, ಹುಡುಗ ಎಸೆಯುತ್ತಿದ್ದ. ಆರು ತಿಂಗಳಿಗೆ ರಮೋನ್ ನನ್ನ ಕಿವಿಯಲ್ಲಿ, “ಸರ್, ಈ ಹುಡುಗ ಡ್ರಾಫ್ಟಿಗೆ ಹೋಗುತ್ತಾನೆ” ಎಂದ. ಅದಾಗಿ ಸ್ವಲ್ಪ ದಿನಕ್ಕೆ ರಮೋನನ ಕಾಂಟ್ರ್ಯಾಕ್ಟ್ ಮುಗಿಯಿತು, ಕಾಲೇಜು ಮುಂದುವರಿಸಲಿಲ್ಲ. ಅವನು ಊರಿಗೆ ಹೋದ. ತಂಡದ ಉಳಿದ ಹುಡುಗರಿಗೆ ಈ ಆಟ ವಾರಕ್ಕೊಂದು ತಮಾಷೆ, ದಿನವೂ ಬರುವವನು ಸಫ್ವಾನ್ ಒಬ್ಬನೇ. ಫಸ್ಟ್ ಬೇಸಿನಲ್ಲಿ ನಿಲ್ಲುವವರು ಯಾರೂ ಉಳಿಯಲಿಲ್ಲ. ನಾನೇ ನಿಲ್ಲೋಣವೆಂದರೆ ಅವನ ಎಸೆತ ಹಿಡಿಯುವ ವಯಸ್ಸು ನನ್ನದಲ್ಲ, ಮೇಲಾಗಿ ಚೆಂಡನ್ನು ಅವನ ಕಡೆಗೆ ಹೊಡೆಯುವವನು ನಾನೇ.

ಆಗ ನನ್ನ ತಲೆ ಓಡಿತು. ಕ್ರೀಡಾ ಕೊಠಡಿಯಿಂದ ಬುಡದಲ್ಲಿ ಸ್ಪ್ರಿಂಗು ಇರುವ ಒಂದು ಸ್ಟಂಪು ತಂದು ಫಸ್ಟ್ ಬೇಸಿನ ಮೇಲೆ ನಿಲ್ಲಿಸಿದೆ. ಇದಕ್ಕೆ ಹೊಡಿ ಎಂದೆ. ನನ್ನ ಮೂವತ್ತು ವರ್ಷದ ವಿದ್ಯೆಯೇ ಅದು. ಒಂದೇ ಸ್ಟಂಪು ನೆಟ್ಟು ಗುರಿ ಕಲಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಹುಡುಗ ಮೊದಲ ವಾರ ಹತ್ತಕ್ಕೆ ಎರಡು ಹೊಡೆದ. ತಿಂಗಳು ಕಳೆಯುವಾಗ ಆರು. ಚೆಂಡು ತಾಗಿ ಸ್ಟಂಪು ಅದುರಿದಾಗಲೆಲ್ಲ ನಾನು ‘ಶಾಬಾಸ್’ ಎನ್ನುತ್ತಿದ್ದೆ. ಅವನು ನಗುತ್ತಿದ್ದ. ಹೀಗೆ ಒಂದೂವರೆ ವರ್ಷ, ಬಿಸಿಲು ಇಳಿದ ಮೇಲೆ ಪ್ರತಿ ಸಂಜೆ.

ಅವನಿಗೆ ಇದು ಬರೀ ಆಟವಾಗಿರಲಿಲ್ಲ. ಹುಟ್ಟಿದ್ದು ದುಬೈ, ಬೆಳೆದದ್ದು ಕರಾಮ, ಊರು ಎಂದರೆ ಎರಡು ವರ್ಷಕ್ಕೊಮ್ಮೆ ಮಳೆಗಾಲದ ರಜೆ. ಓದು ಮುಗಿದ ಮೇಲೆ ಅಪ್ಪನ ವೀಸಾದಲ್ಲಿ ಮುಂದುವರಿಯುವ ವಯಸ್ಸೂ ಮುಗಿಯುತ್ತ ಬಂದಿತ್ತು. ತಂಡವೊಂದು ಹೆಸರು ಕರೆದರೆ ಕೆಲಸವೂ ಆಯಿತು, ವೀಸಾವೂ ಆಯಿತು. ಇಲ್ಲದಿದ್ದರೆ ಸಿಕ್ಕಿದ ಕೆಲಸ ಹಿಡಿಯಬೇಕು, ಆಟ ಅಲ್ಲಿಗೇ ನಿಂತಿತು. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಡ್ರಾಫ್ಟಿಗೆ ಮೊದಲು ಎರಡು ಆಯ್ಕೆ ಶಿಬಿರ. ಮೊದಲನೆಯದಕ್ಕೆ ಒಳಗೆ ಆಟಗಾರರು ಮಾತ್ರ, ನಾನು ಹೊರಗೆ ಪಾರ್ಕಿಂಗಿನಲ್ಲಿ ಕಾದೆ. ಮೂರು ಗಂಟೆ ಕಳೆದು ಸಫ್ವಾನ್ ಬಂದ. ಎರಡನೆಯದಕ್ಕೆ ಆಯ್ಕೆಯಾಗಿದ್ದ.

“ಕೋಚು ಎಂತ ಹೇಳಿದ್ರು?” ಎಂದು ಕೇಳಿದೆ.

“ಗುಡ್ ಹ್ಯಾಂಡ್ಸ್ ಅಂತ ಹೇಳಿದ್ರು ಸರ್.”

“ಎಸೆತ?”

ಅವನು ಬೂಟಿನ ಲೇಸು ಕಟ್ಟಲು ಬಗ್ಗಿದ. “ಓಕೆ ಸರ್. ಎಲ್ಲ ಚೆನ್ನಾಗಿತ್ತು.”

ಎರಡನೆಯ ಶಿಬಿರಕ್ಕೆ ಮೂರು ವಾರವಿತ್ತು. ಆ ಮೂರು ವಾರ ನಾನು ಅವನಿಗೆ ದಿನಕ್ಕೆ ಇನ್ನೂರು ಚೆಂಡು ಹೊಡೆದೆ, ಅವನು ಇನ್ನೂರು ಸಲ ಸ್ಟಂಪಿಗೆ ಎಸೆದ.

ಎರಡನೆಯ ಶಿಬಿರಕ್ಕೆ ಮನೆಯವರನ್ನೂ ಬಿಟ್ಟಿದ್ದರು. ಹಸನಾಕ ಅಂಗಡಿ ಮುಚ್ಚಿ ಬಂದಿದ್ದರು. ಬೇಲಿಯ ಬದಿಯಲ್ಲಿ ನಾವಿಬ್ಬರೂ ನಿಂತೆವು. ಮೊದಲು ಹತ್ತು ಚೆಂಡು ನಿಧಾನವಾಗಿ ಉರುಳಿಸಿದರು. ಸಫ್ವಾನ್ ಹತ್ತನ್ನೂ ಹಿಡಿದು ಫಸ್ಟ್ ಬೇಸಿನವನ ಎದೆಗೆ ನೇರ ಎಸೆದ. ನಿಜ ಹೇಳುತ್ತೇನೆ, ನನಗೆ ಸ್ವಲ್ಪ ಕಸಿವಿಸಿಯಾಯಿತು. ನಾನು ಕಲಿಸಿದ ಹಾಗೆ ಇವನು ಎಸೆಯುತ್ತಿಲ್ಲವಲ್ಲ, ಎಷ್ಟು ಮೇಲೆ ಹೋಗುತ್ತಿದೆ ಎಂದುಕೊಂಡೆ. ಆಮೇಲೆ ಆಟವನ್ನೇ ಆಡಿಸಿದರು. ಹೊಡೆಯುವವನು ನಿಜವಾಗಿ ಹೊಡೆದು ನಿಜವಾಗಿ ಓಡುವುದು. ಓಟಗಾರನನ್ನು ಓರೆಗಣ್ಣಿನಲ್ಲಿ ನೋಡುತ್ತ ಚೆಂಡು ಎತ್ತಿದ ಸಫ್ವಾನ್ ಈ ಸಲ ಯೋಚಿಸಲಿಲ್ಲ. ಯೋಚಿಸಲು ಸಮಯವೇ ಇರಲಿಲ್ಲ. ಒಂದೂವರೆ ವರ್ಷ ಕೈಗೆ ಹತ್ತಿದ್ದೇ ಹೊರಗೆ ಬಂತು. ಚೆಂಡು ನೆಲಕ್ಕೆ ಹತ್ತಿರವಾಗಿ ಹೋಗಿ ಬೇಸಿನ ಅಂಚಿಗೆ ಟಪ್ಪೆಂದು ಬಡಿದು ಬೇಲಿಯ ಕಡೆಗೆ ಪುಟಿದು ಹೋಯಿತು.

“ಶಾಬಾಸ್” ಎಂದು ನಾನು ಚಪ್ಪಾಳೆ ತಟ್ಟಿದೆ.

ಮೈದಾನದಲ್ಲಿ ಬೇರೆ ಯಾರೂ ತಟ್ಟಲಿಲ್ಲ. ಹಸನಾಕ ನನ್ನ ಮುಖ ನೋಡಿ, ಮಾಸ್ಟ್ರೇ ತಟ್ಟಿದರಲ್ಲ ಎಂದು ತಾವೂ ತಟ್ಟಿದರು. ಓಡಿದವನು ಆರಾಮವಾಗಿ ಎರಡನೆಯ ಬೇಸಿಗೂ ಹೋಗಿ ನಿಂತ. ಸಫ್ವಾನ್ ಬೇಲಿಯ ಕಡೆಗೆ ತಿರುಗಿ ಒಂದು ಕ್ಷಣ ನನ್ನನ್ನು ನೋಡಿದ. ನನ್ನ ಕೈಗಳು ಇನ್ನೂ ಕೂಡಿಕೊಂಡೇ ಇದ್ದವು. ನನಗೆ ಅರ್ಥವಾದದ್ದು ಆಗ. ಇನ್ನೊಂದು ಚೆಂಡು ಬಂತು, ಅದೂ ಬೇಸಿಗೇ ಹೋಯಿತು. ಬರೆದುಕೊಳ್ಳುತ್ತಿದ್ದ ಬಿಳಿಯ ಕೋಚು ಪುಟ ತಿರುಗಿಸಿ ಮುಂದಿನ ಹುಡುಗನನ್ನು ಕರೆದ.

ಡ್ರಾಫ್ಟಿನ ದಿನ ಸಂಜೆ ಹಸನಾಕನ ಅಂಗಡಿಯಲ್ಲಿ ಸೇರಿದೆವು. ಯಾವುದೋ ದೊಡ್ಡ ಹೋಟೆಲಿನಲ್ಲಿ ನಡೆಯುತ್ತಿದ್ದುದನ್ನು ಹೊಲಿಗೆ ಮೆಶಿನಿಗೆ ಒರಗಿಸಿಟ್ಟ ಫೋನಿನಲ್ಲಿ ನೋಡಿದೆವು. ಹಸನಾಕ ಹೊಸ ಶರ್ಟು ಹಾಕಿದ್ದರು. ಕತ್ತರಿಸಿಟ್ಟ ಬಟ್ಟೆಯ ಹಿಂದೆ ಸ್ವೀಟಿನ ಡಬ್ಬಿಯೊಂದು ಇದ್ದುದು ನನಗೆ ಕಾಣುತ್ತಿತ್ತು. ಒಂದೊಂದೇ ಹೆಸರು ಕರೆದರು. ಹೆಸರು ಬಂದಾಗಲೆಲ್ಲ ಹಸನಾಕ ಮುಂದೆ ಬಗ್ಗುವುದು, ನಮ್ಮದಲ್ಲ ಎಂದು ಗೊತ್ತಾದಾಗ ಹಿಂದೆ ಒರಗುವುದು. ಸಫ್ವಾನ್ ಬಾಗಿಲಿನ ಹತ್ತಿರ ರಸ್ತೆಯ ಕಡೆಗೆ ಮುಖ ಮಾಡಿ ನಿಂತಿದ್ದ. ಕೊನೆಯ ಹೆಸರು ಆಗಿ ಪರದೆಯ ಮೇಲೆ ಎಲ್ಲರೂ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಂಡರು.

“ಆಯ್ತಾ?” ಎಂದು ಹಸನಾಕ ಕೇಳಿದರು. “ಇನ್ನು ಉಂಟಾ ಮಾಸ್ಟ್ರೇ?”

“ಇಲ್ಲ ಹಸನಾಕ. ಮುಗೀತು.”

ಅವರು ಫೋನು ಆರಿಸಿ ಅದರ ಮೇಲಿನ ದಾರದ ಎಳೆ ತೆಗೆದು ಹಾಕಿದರು. “ಎಂತ ಕಮ್ಮಿ ಆಯ್ತು ಅವನಿಗೆ? ನಿಮಗೆ ಗೊತ್ತುಂಟಲ್ಲ, ಹೇಳಿ.”

ಹೇಳಬೇಕಾದ ಜಾಗ ಅದು, ಹೇಳಬೇಕಾದ ಹೊತ್ತೂ ಅದೇ. “ನಸೀಬು ಹಸನಾಕ” ಎಂದೆ. ಅವರು ತಲೆಯಾಡಿಸಿದರು. “ನೀವು ಮಾಡುವಷ್ಟು ಮಾಡಿದ್ದೀರಿ. ನನ್ನ ಮಗ ಅಂತ ಅಲ್ಲ, ನಿಮ್ಮ ಮಗ ಅಂತಲೇ ಮಾಡಿದ್ದೀರಿ” ಎಂದರು. ಎದ್ದು ಹೋಗಿ ಆ ಡಬ್ಬಿಯನ್ನು ತಂದು ನನ್ನ ಕೈಗೇ ಕೊಟ್ಟರು, ಮನೆಗೆ ತಗೊಂಡು ಹೋಗಿ ಎಂದು. ಅದನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿದಷ್ಟು ನಾಚಿಕೆ ನನಗೆ ಇನ್ಯಾವತ್ತೂ ಆಗಿಲ್ಲ.

ಎರಡು ತಿಂಗಳಲ್ಲಿ ಸಫ್ವಾನನಿಗೆ ಅಬುಧಾಬಿಯಿಂದಲೂ ಆಚೆ, ಮರುಭೂಮಿಯ ನಡುವಿನ ಮದೀನತ್ ಜಾಯೆದ್ ಎಂಬ ಊರಿನಲ್ಲಿ ಕೆಲಸವಾಯಿತು. ಎಣ್ಣೆ ಕಂಪನಿಗಳ ಕೆಲಸಗಾರರಿಗೆ ಹೆಲ್ಮೆಟ್, ಬೂಟು, ಕೈಗವಸು ಒದಗಿಸುವವರ ಸ್ಟೋರಿನಲ್ಲಿ. ನಾನು ಮತ್ತೆ ನಾಲ್ಕು ವರ್ಷ ಅದೇ ಮೈದಾನದಲ್ಲಿ ವಿಸಿಲ್ ಊದಿದೆ. ಬೇಸ್‌ಬಾಲ್ ತಂಡ ತಾನಾಗಿಯೇ ನಿಂತಿತು. ನಿವೃತ್ತಿಯ ದಿನ ಕೊಠಡಿ ಖಾಲಿ ಮಾಡುವಾಗ ಆ ಸ್ಟಂಪು ಸಿಕ್ಕಿತು. ಬುಡದಿಂದ ಒಂದು ಗೇಣಿನವರೆಗೆ ಮರ ಪೂರಾ ಜಜ್ಜಿಹೋಗಿತ್ತು, ಮೇಲಿನ ಭಾಗ ಹೊಸದರ ಹಾಗೆ. ಸ್ಪ್ರಿಂಗು ಬಿಚ್ಚಿ ಮನೆಗೆ ತಂದೆ. ಬಾಲ್ಕನಿಯ ಬಾಗಿಲು ಗಾಳಿಗೆ ಮುಚ್ಚಿಕೊಳ್ಳದಂತೆ ಮಗಳು ಅದನ್ನು ಅಡ್ಡ ಇಟ್ಟುಕೊಂಡಿದ್ದಾಳೆ. ದಿನವೂ ಬೆಳಿಗ್ಗೆ ಚಹಾ ಹಿಡಿದು ಬಾಲ್ಕನಿಗೆ ಹೋಗುವಾಗ ಅದನ್ನು ದಾಟಿ ಹೋಗಬೇಕು.

ಮೂರು ತಿಂಗಳು ಹೀಗೆ ದಾಟಿದ ಮೇಲೆ ತಡೆಯಲಾಗಲಿಲ್ಲ. ಅಬುಧಾಬಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮದೀನತ್ ಜಾಯೆದಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡೆ. ಸಫ್ವಾನ್ ಬಸ್ ಸ್ಟ್ಯಾಂಡಿಗೇ ಬಂದಿದ್ದ. ಸ್ವಲ್ಪ ದಪ್ಪಗಾಗಿದ್ದ. ನನ್ನ ಚೀಲ ಕಿತ್ತುಕೊಂಡು, ಒಂದು ಕೆಫೆಟೇರಿಯಾಕ್ಕೆ ಕರೆದುಕೊಂಡು ಹೋಗಿ, ಕುರ್ಚಿ ಒರೆಸಿ ಕೂರಿಸಿದ. ಕರಕ್ ಚಹಾ ಬಂತು. ನಾನು ಹೇಳಿಬಿಟ್ಟೆ.

“ಸಫ್ವಾನ್, ತಪ್ಪು ನಿನ್ನದಲ್ಲ. ಆ ಸ್ಟಂಪು. ಅದನ್ನು ಅಲ್ಲಿ ಇಟ್ಟವ ನಾನು. ನಿನ್ನ ಅಪ್ಪನ ಹತ್ತಿರ ನಸೀಬು ಅಂತ ಸುಳ್ಳು ಹೇಳಿದೆ.”

ಅವನು ಆಶ್ಚರ್ಯಪಡಲಿಲ್ಲ. ಚಹಾದ ಕಪ್ಪನ್ನು ಮೇಜಿನ ಮೇಲೆ ಮೆಲ್ಲ ತಿರುಗಿಸಿದ.

“ನನಗೆ ಗೊತ್ತಿತ್ತು ಸರ್.”

“ಯಾವಾಗ? ಡ್ರಾಫ್ಟ್ ಆದ ಮೇಲಾ?”

“ಇಲ್ಲ ಸರ್. ಫಸ್ಟ್ ಕ್ಯಾಂಪಲ್ಲೇ. ಆ ಕೋಚ್ ಕೇಳಿದ್ರು, ನೀನು ಬೇಸಿಗೆ ಯಾಕೆ ಎಸಿತೀ, ಅಲ್ಲಿ ಎಂತ ಉಂಟು ಅಂತ. ತ್ರೀ ವೀಕ್ಸ್ ಉಂಟು, ಒಬ್ಬ ಮನುಷ್ಯನನ್ನ ನಿಲ್ಲಿಸಿ ಪ್ರ್ಯಾಕ್ಟೀಸ್ ಮಾಡು, ಸರಿಯಾದ್ರೆ ನಿನ್ನನ್ನ ತಗೊಳ್ತಾರೆ ಅಂದ್ರು.”

ಅವನೇ ಮುಂದುವರಿಸಿದ. ದಿನವೂ ಬೆಳಿಗ್ಗೆ ಕ್ಲಾಸಿಗೆ ಮೊದಲು ಕರಾಮದ ಒಂದು ಪಾರ್ಕಿಂಗಿನಲ್ಲಿ ತಂಗಿಗೆ ಕೈಗವಸು ಹಾಕಿಸಿ ನಿಲ್ಲಿಸುತ್ತಿದ್ದನಂತೆ. ಮೆಲ್ಲ ಮೆಲ್ಲ ಎದೆಗೆ ಎಸೆಯುವುದನ್ನು ಅಭ್ಯಾಸ ಮಾಡುತ್ತಿದ್ದನಂತೆ. “ಮಾರ್ನಿಂಗ್ ಸರಿ ಆಗ್ತಿತ್ತು ಸರ್. ಸಂಜೆ ನಿಮ್ಮ ಹತ್ತಿರ ಬಂದು ಟೂ ಹಂಡ್ರೆಡ್ ಸ್ಟಂಪಿಗೆ ಎಸೀಬೇಕಿತ್ತಲ್ಲ. ಮತ್ತೆ ಹೋಗ್ತಿತ್ತು.”

“ಒಂದು ಮಾತು ನನ್ನ ಹತ್ತಿರ ಹೇಳಬಾರದಿತ್ತಾ ಮಾರಾಯ?”

“ಅನಿರುದ್ಧನಿಗೆ ಎಂತ ಆಯ್ತು ಅಂತ ನೋಡಿದ್ದೆನಲ್ಲ ಸರ್. ಫಸ್ಟ್ ಹೆದರಿಕೆ ಆಯ್ತು.” ಅವನು ಒಂದು ಗುಟುಕು ಚಹಾ ಕುಡಿದ. “ಮತ್ತೆ ಒಂದು ದಿನ ಹೇಳ್ಲಿಕ್ಕೇ ಅಂತ ಬಂದೆ. ನೀವು ಆ ಸ್ಟಂಪನ್ನ ಬಟ್ಟೆಯಲ್ಲಿ ಒರೆಸ್ತಾ ಇದ್ರಿ. ತುಂಬ ಖುಷಿಯಲ್ಲಿದ್ರಿ. ಪಾಪ ಅನ್ನಿಸ್ತು ಸರ್.”

ಹೆದರಿಕೆಯನ್ನಾದರೂ ನಾನು ಸಹಿಸಿಕೊಳ್ಳುತ್ತಿದ್ದೆನೋ ಏನೋ. ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ತನ್ನ ಭವಿಷ್ಯವನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಎದುರು ನಿಂತು, ಈ ಮುದುಕನಿಗೆ ಬೇಸರವಾಗದಿರಲಿ ಎಂದು ಅದನ್ನು ಹಾಗೆಯೇ ಬಿಟ್ಟುಕೊಟ್ಟ. ನಾನು ಅವನಿಂದ ಪಡೆದ ಗೌರವ ಎಂದರೆ ಇದು. ಅವನಪ್ಪ ಅವನನ್ನು ತಿರುಗಿ ಮಾತಾಡದ ಹಾಗೆ ಬೆಳೆಸಿ ಕೊಟ್ಟಿದ್ದರು, ನಾನು ಅದನ್ನು ಇನ್ನಷ್ಟು ಗಟ್ಟಿ ಮಾಡಿದೆ. ರಂಜಾನಿನಲ್ಲಿ ಕುಸಿದು ಕೂತ ಆ ಇಬ್ಬರೂ ನೆನಪಾದರು. ಅವರು ಯಾಕೆ ಹೇಳಲಿಲ್ಲ ಎಂದು ಡಾಕ್ಟರ್ ಸಮೀರ್ ಅಂದೇ ಕೇಳಿದ್ದರು.

ಕೆಲಸಕ್ಕೆ ಹೊಸದಾಗಿ ಬರುವವರಿಗೆ ಇದರಿಂದ ಏನಾದರೂ ಪ್ರಯೋಜನವಾಗುತ್ತದೆಯೇ, ನನಗೆ ಗೊತ್ತಿಲ್ಲ. ನಿಮ್ಮ ಹುಡುಗರನ್ನು ಕೇಳಿ ಎಂದು ಹೇಳಬಹುದು. ಆದರೆ ಕೇಳಿದರೆ ಅವರು ಹೇಳುತ್ತಾರೆ ಎಂಬ ನಂಬಿಕೆ ನನಗೀಗ ಇಲ್ಲ. ನಾನೂ ಆ ಪಾರ್ಕಿಂಗಿನಲ್ಲಿ ಕೇಳಿದ್ದೆ, ಎಸೆತ ಹೇಗಿತ್ತು ಎಂದು. ಅಷ್ಟು ಹೊತ್ತಿಗೆ ಹೇಳದಿರುವುದನ್ನು ಅವನಿಗೆ ಚೆನ್ನಾಗಿ ಕಲಿಸಿಯಾಗಿತ್ತು.

ಸಫ್ವಾನ್ ಬಸ್ಸಿನವರೆಗೆ ಬಂದ. ನೀರಿನ ಬಾಟಲು ಕೊಟ್ಟ, ಕಿಟಕಿಯ ಬದಿಯ ಸೀಟು ಹಿಡಿದುಕೊಟ್ಟ. ಬಸ್ಸು ಹೊರಡಲು ಇನ್ನೂ ಎರಡು ನಿಮಿಷವಿತ್ತು. ನಾನು ಅವನ ಕೈ ಹಿಡಿದು ಕೇಳಿದೆ.

“ಈಗ ನಾನು ನಿನ್ನ ಮಾಸ್ಟ್ರು ಅಲ್ಲ. ಈಗಲಾದರೂ ಹೇಳು. ಸ್ಟಂಪು ಒಂದೇಯಾ? ನಿನಗೆ ಬೇರೆ ಎಂತೆಲ್ಲ ತಪ್ಪು ಕಲಿಸಿದ್ದೇನೆ?”

ಅವನು ಬಗ್ಗಿ ನನ್ನ ಚೀಲವನ್ನು ಸೀಟಿನ ಅಡಿಗೆ ಸರಿಸಿದ.

“ಇಲ್ಲ ಸರ್. ಬೇರೆ ಎಲ್ಲ ಚೆನ್ನಾಗಿತ್ತು” ಎಂದ. ಆ ದಿನ ಪಾರ್ಕಿಂಗಿನಲ್ಲಿ ಲೇಸು ಕಟ್ಟಲು ಬಗ್ಗಿ ಹೇಳಿದ್ದೂ ಇದೇ ದನಿಯಲ್ಲಿ.